ಆದಗೊಂಡ ಕಾಕಾ ಮತ್ತು ಕಡೆಯ ಹನ್ನೆರಡು ತತ್ತಿ

ಆದಗೊಂಡ ಕಾಕಾ ಜನ್ಮದಲ್ಲಿ ಒಂದೂ ತತ್ತಿ ತಿಂದವರಲ್ಲ. ಆದರೆ ಮಿರಜದಲ್ಲಿ ಕೋಳಿತತ್ತಿಯ ಒಳಗನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಕಿಟಕಿಗೆ ಕರಿ ಅರಿವೆ ಕಟ್ಟಿದ ಸಣ್ಣ ಕೋಣೆಯಲ್ಲಿ ಕುಳಿತು, ತಗಡಿನ ಡಬ್ಬಿಯೊಳಗೆ ಉರಿಯುವ ದೀಪದ ಮೇಲೆ ಒಂದೊಂದೇ ತತ್ತಿಯನ್ನಿಟ್ಟು ನಿಧಾನವಾಗಿ ತಿರುಗಿಸುತ್ತಿದ್ದರು. ಕೆಂಪು ಬೆಳಕಿನಲ್ಲಿ ನೂಲಿನೆಳೆಯಂಥ ರಕ್ತನಾಳಗಳು ಕಾಣುತ್ತಿದ್ದವು, ನಡುವೆ ಸಾಸಿವೆಯಷ್ಟು ಕಪ್ಪು ಕಣ್ಣು ಅಲುಗುತ್ತಿತ್ತು. "ಜೀವ ಐತಿ" ಎಂದು ಪೆನ್ಸಿಲಿನಿಂದ ಗುರುತು ಮಾಡಿ ಬಲಕ್ಕೆ ಇಡುವರು. ಜೀವ ಇಲ್ಲದ್ದು ಎಡಕ್ಕೆ. ಎಡಕ್ಕೆ ಇಡುವಾಗ ಅವರ ಮುಖ ಕೊಂಚ ಹಗುರಾಗುತ್ತಿತ್ತು. ಬಲಕ್ಕೆ ಇಟ್ಟವನ್ನು ಕೆಲವು ದಿನದ ಮೇಲೆ ಅವರೇ ಕೊಲ್ಲಬೇಕಾಗಿತ್ತಲ್ಲ.

ಅದು ಮಿರಜದ ಒಂದು ವೈದ್ಯಕೀಯ ಕಾಲೇಜಿನ ಲ್ಯಾಬು. ಫ್ಲೂ ಜ್ವರದ ವೈರಸ್ಸು ಸುಮ್ಮನೆ ಗಾಜಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಅದಕ್ಕೆ ಜೀವವಿರುವ ತತ್ತಿ ಬೇಕು. ರೋಗಿಯ ಗಂಟಲನ್ನು ಹತ್ತಿಕಡ್ಡಿಯಿಂದ ಒರೆಸಿ ತಂದದ್ದನ್ನು ಸೂಜಿಯಲ್ಲಿ ತತ್ತಿಯೊಳಗೆ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು. ಎರಡು ಮೂರು ದಿನವಾದ ಮೇಲೆ ಅದೇ ತತ್ತಿಯನ್ನು ತಂಪಿನಲ್ಲಿಟ್ಟು ಒಳಗಿನ ನೀರು ತೆಗೆಯಬೇಕು. ತಂಪಿನಲ್ಲಿ ಮರಿಯ ಜೀವ ಹೋಗುತ್ತದೆ. ದಿಗಂಬರ ಜೈನರ ಮನೆಯಲ್ಲಿ ಹುಟ್ಟಿ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕದ ಮನುಷ್ಯ ಈ ಕೆಲಸಕ್ಕೆ ಹೇಗೆ ಬಿದ್ದರು ಎಂದು ಒಮ್ಮೆ ಕೇಳಿದ್ದೆ. "ಅರ್ಜಿ ಹಾಕಿದಾಗ ಲ್ಯಾಬ್ ಅಸಿಸ್ಟಂಟ ಅಂತಿತ್ತವ್ವಾ, ತತ್ತಿ ಅಂತ ಬರದಿದ್ದಿಲ್ಲ" ಎಂದಿದ್ದರು.

ತತ್ತಿಯ ಕೆಲಸವಿದ್ದ ದಿನ ಕಾಕಾ ಒಪ್ಪತ್ತು ಮಾಡುತ್ತಿದ್ದರು. ತಂಪಿನ ಪೆಟ್ಟಿಗೆಯಲ್ಲಿ ಇಡುವ ಮುಂಚೆ ಒಂದೊಂದು ತತ್ತಿಗೂ ಒಂದು ಸಲ ಣಮೋಕಾರ ಮಂತ್ರ ಹೇಳುತ್ತಿದ್ದರು. ಇಪ್ಪತ್ತು ತತ್ತಿ ಇದ್ದರೆ ಇಪ್ಪತ್ತು ಸಲ. ನಾನು ಬೇಸತ್ತು, "ಕಾಕಾ, ಎಲ್ಲಾಕ್ಕೂ ಕೂಡಿ ಒಂದ ಸಲ ಅಂದ್ರ ನಡಿಯಂಗಿಲ್ಲೇನ್ರಿ?" ಎಂದರೆ, "ಅವೇನು ಕೂಡಿ ಹುಟ್ಟ್ಯಾವೇನು?" ಎನ್ನುವರು. ಬಸದಿಯಲ್ಲಿ ಹಿರಿಯರೊಬ್ಬರು ಈ ಕೆಲಸದ ಸಲುವಾಗಿ ನಾಲ್ಕು ಜನರೆದುರು ಅವರನ್ನು ಬೈದಿದ್ದರಂತೆ. ಕಾಕಾ ಕೊಟ್ಟ ಉತ್ತರವನ್ನು ನನಗೂ ಹೇಳಿದ್ದರು: "ಪಾಪ ಅಂತ ನನಗೂ ಗೊತ್ತೈತ್ರಿ. ಇದರಿಂದ ಏನರ ತಿಳೀತಂದ್ರ, ನಾಕು ಹುಡುಗ್ರು ಉಳದ್ವಂದ್ರ, ಅದಕ್ಕೊಂದು ಅರ್ಥ ಆತು. ಸುಮ್ಮನ ಹೋತಂದ್ರ ಅದು ನನ್ನ ಕೊರಳಿಗೆ." ಆಗ ಈ ಮಾತನ್ನು ನಾನು ಅಷ್ಟು ತಲೆಗೆ ಹಚ್ಚಿಕೊಳ್ಳಲಿಲ್ಲ.

ನಾನು ಸಾಂಗಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರ ಮಾಡುವ ಲಿಂಗಾಯತರ ಮನೆಯವಳು. ಬಿ.ಎಸ್ಸಿ. ಮುಗಿಸಿ ತೊಂಬತ್ತರ ದಶಕದ ನಡುವೆ ಆ ಲ್ಯಾಬಿಗೆ ಸೇರಿದೆ. ಅಲ್ಲಿ ನಡೆಯುವುದೆಲ್ಲ ಮರಾಠಿ. ಕನ್ನಡವೆಂದರೆ ನನಗೆ ಅಜ್ಜಿ ಬೈಯುವ ಭಾಷೆ, ತಿಳಿಯುತ್ತಿತ್ತು, ಆಡಲು ನಾಲಿಗೆ ತೊಡರುತ್ತಿತ್ತು. ಕಾಕಾ ಮೊದಲ ದಿನವೇ, "ಶೈಲಾ, ಮನ್ಯಾಗ ಕನ್ನಡ ಐತೇನು? ಹಂಗಾರ ನಮ್ಮಿಬ್ಬರದು ಕನ್ನಡದಾಗ ನಡೀಲಿ. ಸಾಹೇಬ್ರನ್ನ ಬೈಯಾಕ ಬರ್ತೈತಿ" ಎಂದರು. ಅವರು ಸಾಹೇಬರನ್ನು ಬೈದದ್ದು ನಾನು ಒಮ್ಮೆಯೂ ಕೇಳಲಿಲ್ಲ. ಆದರೆ ನನ್ನ ಕನ್ನಡ ಮಾತ್ರ ಅವರಿಂದಲೇ ಕುದುರಿತು.

ಅವರ ಇನ್ನೊಂದು ಚಾಳಿ ಎಂದರೆ ಕೆಮ್ಮು. ಎಲ್ಲಿಯೇ ಯಾರೇ ಕೆಮ್ಮಲಿ, ಕಾಕಾ ಕಿವಿಯ ಹಿಂದೆ ಅಂಗೈ ಇಟ್ಟು ನಿಂತುಬಿಡುವರು. ಆಮೇಲೆ ಹತ್ತಿರ ಹೋಗಿ, "ಎಷ್ಟು ದಿನ ಆತು?" ಎಂದು ಕೇಳುವರು. ಮೂರು ದಿನದ ಒಳಗಿದ್ದರೆ ಚೀಲಕ್ಕೆ ಕೈ ಹೋಗುತ್ತಿತ್ತು. ಚೀಲದಲ್ಲಿ ಹತ್ತಿಕಡ್ಡಿ, ಸೀಸೆ ಮತ್ತು ಅಗಲ ಬಾಯಿಯ ಒಂದು ಹಸಿರು ಥರ್ಮಾಸು. ಬೆಳಗ್ಗೆ ಮಿರಜ ಸ್ಟೇಷನ್ ಬಾಜೂಕಿನ ಬರ್ಫದ ಕಾರಖಾನೆಯಲ್ಲಿ ಥರ್ಮಾಸಿಗೆ ಮಂಜುಗಡ್ಡೆ ತುಂಬಿಸಿಕೊಂಡು ಅವರು ಮಾಲಗಾಂವಕ್ಕೋ ಬುಧಗಾಂವಕ್ಕೋ ಬಸ್ಸು ಹತ್ತುತ್ತಿದ್ದರು. ಒಮ್ಮೆ ಗದ್ದಲದ ಬಸ್ಸಿನಲ್ಲಿ ತಾವು ನಿಂತುಕೊಂಡು ಥರ್ಮಾಸನ್ನು ಸೀಟಿನ ಮೇಲೆ ಕೂರಿಸಿದ್ದು ನೋಡಿ ಕಂಡಕ್ಟರ್ ಜಗಳಕ್ಕೆ ಬಂದಿದ್ದ. ಅವನು ಬೈಯುವ ನಡುವೆ ಎರಡು ಸಲ ಕೆಮ್ಮಿದ. ಬುಧಗಾಂವ ಬರುವುದರೊಳಗೆ ಅವನ ಗಂಟಲಿನದೂ ಥರ್ಮಾಸಿನೊಳಗಿತ್ತು.

ಹಳ್ಳಿಯ ಹೆಂಗಸರು ನಗುತ್ತಿದ್ದರು. "ಆದಣ್ಣಾ, ನೆಗಡಿ ಸೀಸೆದಾಗ ಒಯ್ದು ಏನು ಉಪ್ಪಿನಕಾಯಿ ಹಾಕ್ತಿಯೇನು?" ಎನ್ನುವರು. ಕಾಕಾ ನಕ್ಕು, "ನೆಗಡಿಗೂ ಊರಿರ್ತೈತಿ ಅಕ್ಕಾ. ಎಲ್ಲಿಂದ ಬಂತು, ಎಲ್ಲಿಗೆ ಹೊಂಟೈತಿ, ದಾರ್ಯಾಗ ಯಾ ವೇಷ ಬದಲಿ ಮಾಡ್ತು, ಕೇಳಬೇಕಲ್ಲ?" ಎನ್ನುತ್ತಿದ್ದರು. ಇಡೀ ಶಾಸ್ತ್ರವನ್ನು ನಾನು ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿ ಓದಿಲ್ಲ.

ನಮ್ಮ ಲ್ಯಾಬಿನ ಗೋಡೆಗೆ ಜಗತ್ತಿನ ಒಂದು ನಕಾಶೆ ಇತ್ತು. ಫ್ಲೂ ವೈರಸ್ಸಿನ ಹೊಸ ರೂಪ ಎಲ್ಲಿ ಸಿಕ್ಕರೆ ಅದಕ್ಕೆ ಆ ಊರಿನ ಹೆಸರನ್ನೇ ಇಡುವುದು ರೂಢಿ. ಆ ಹೆಸರಿನ ಊರುಗಳಿಗೆಲ್ಲ ಕಾಕಾ ಗುಂಡುಸೂಜಿ ಚುಚ್ಚಿದ್ದರು. ಎಲ್ಲವೂ ಸಮುದ್ರದಾಚೆಯ ದೊಡ್ಡ ದೊಡ್ಡ ಊರುಗಳು. ನಮ್ಮ ಕಡೆಗೆ ನಕಾಶೆ ಬೋಳು. ನಮ್ಮಲ್ಲಿ ಫ್ಲೂ ಇರಲಿಲ್ಲವೆಂದಲ್ಲ, ಯಾರೂ ನೋಡಿರಲಿಲ್ಲ. ಕಾಕಾನ ಆಸೆ ಒಂದೇ. ತಮ್ಮ ಹುಟ್ಟೂರು ಮ್ಹೈಸಾಳದ ಹೆಸರು ಆ ಪಟ್ಟಿಯಲ್ಲಿ ಬರಬೇಕು.

"ಜಡ್ಡಿಗೆ ಊರ ಹೆಸರು ಇಟ್ರ ಊರಾವ್ರು ನಿಮ್ಮನ್ನ ಹೊಡೀತಾರರಿ ಕಾಕಾ" ಎಂದು ನಾನು ಛೇಡಿಸುತ್ತಿದ್ದೆ.

"ಹೊಡೀಲಿ ಬಿಡು. ಕೃಷ್ಣಾ ದಂಡಿಮ್ಯಾಲೆ ಒಂದು ಊರು ಐತಿ, ಅಲ್ಲಿ ಮಂದಿ ಅದಾರ, ಅವ್ರಿಗೂ ಜ್ವರ ಬರ್ತೈತಿ ಅಂತ ಯಾರಿಗರ ಗೊತ್ತಾಗ್ತೈತಲ್ಲ."

ಇದರ ಹಿಂದೆ ಬರೀ ಊರಿನ ಅಭಿಮಾನ ಇರಲಿಲ್ಲ. ಹೊರದೇಶದಿಂದ ಪುಣೆಯ ದೊಡ್ಡ ವೈರಸ್ ಲ್ಯಾಬಿನ ಮೂಲಕ ಬರುತ್ತಿದ್ದ ಫಾರಮ್ಮುಗಳಲ್ಲಿ ಫ್ಲೂ ಎಂದರೆ ಚಳಿಗಾಲದ ಜ್ವರ. ಚಳಿಗಾಲದ ತಿಂಗಳುಗಳಿಗಷ್ಟೇ ಅಲ್ಲಿ ಜಾಗ ಇರುತ್ತಿತ್ತು. ಕಾಕಾನ ನೋಟುಬುಕ್ಕು ಬೇರೆ ಹೇಳುತ್ತಿತ್ತು. ಕಬ್ಬು ಎದೆಯೆತ್ತರ ಬಂದಾಗ, ಮಳೆ ಹಿಡಿದು ಜನ ಮನೆಯೊಳಗೆ ಕೂತಾಗ, ನಮ್ಮ ಕಡೆ ಮನೆಮನೆಯೂ ಕೆಮ್ಮುತ್ತದೆ. ಮಳೆಗಾಲದ ಪುಟಗಳು ತುಂಬಿ ಅಂಚಿಗೂ ಅಕ್ಷರ ಹತ್ತಿದ್ದವು, ಚಳಿಗಾಲದವು ಖಾಲಿ. ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ ತೋರಿಸಿದರೆ ಅವರು, "ಆದಗೊಂಡಾ, ಜಗತ್ತೆಲ್ಲ ತಪ್ಪು, ನೀನೊಬ್ಬ ಬರೋಬರ್?" ಎಂದು ಮರಾಠಿಯಲ್ಲಿ ನಕ್ಕಿದ್ದರು. ವೈರಸ್ಸನ್ನೇ ತೋರಿಸದ ಹೊರತು ನೋಟುಬುಕ್ಕನ್ನು ಯಾರು ನಂಬುತ್ತಾರೆ?

ನಾನು ಸೇರಿದ ಮೂರನೆಯ ಮಳೆಗಾಲದಲ್ಲಿ ಮ್ಹೈಸಾಳದಲ್ಲಿ ಜ್ವರ ಎದ್ದಿತು. ಶಾಲೆಯ ಅರ್ಧ ಮಕ್ಕಳು ಮನೆಯಲ್ಲಿ ಮಲಗಿದ್ದರು. ಕಾಕಾ ನಾಲ್ಕು ದಿನ ಅಲ್ಲೇ ಉಳಿದು ಥರ್ಮಾಸು ತುಂಬಿ ತುಂಬಿ ಕಳಿಸಿದರು. ತತ್ತಿಯಿಂದ ತೆಗೆದ ನೀರಿಗೆ ಕೋಳಿಯ ರಕ್ತ ಬೆರೆಸಿ ಬಿಟ್ಟರೆ, ವೈರಸ್ಸು ಇಲ್ಲದಾಗ ರಕ್ತ ತಳದಲ್ಲಿ ಗುಂಡಿಯ ಹಾಗೆ ಕೂರುತ್ತದೆ, ಇದ್ದಾಗ ಹರಡಿಕೊಳ್ಳುತ್ತದೆ. ಕಾಕಾ ಮರಳಿ ಬಂದು ನೋಡಿದ ದಿನ ಏಳು ಮಕ್ಕಳ ಸೀಸೆಗಳಲ್ಲಿ ರಕ್ತ ಹರಡಿಕೊಂಡಿತು. ಗೊತ್ತಿರುವ ಫ್ಲೂಗಳನ್ನು ಗುರುತಿಸುವ ಔಷಧವನ್ನು ಪುಣೆಯಿಂದ ಕೊಟ್ಟಿದ್ದರು, ಅದಕ್ಕೆ ಇದು ಸರಿಯಾಗಿ ಮಣಿಯಲಿಲ್ಲ. ಅಂದರೆ ವೇಷ ಬದಲಿಸಿದ್ದು. ಕಾಕಾ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಶೈಲಾ, ನೀ ಒಮ್ಮೆ ನೋಡು. ನನ್ನ ಕಣ್ಣಿಗೆ ಆಸೆ ಭಾಳ ಐತಿ" ಎಂದರು. ನಾನು ನೋಡಿದೆ. ಖರೆಯೇ ಇತ್ತು.

ಪುಣೆಯವರು ಗಣಪತಿ ಹಬ್ಬ ಮುಗಿದ ಮೇಲೆ ಕಳಿಸಿ ಎಂದರು. ಗಣಪತಿಯ ದಿನಗಳಲ್ಲೇ ಜೈನರ ದಶಲಕ್ಷಣ ಪರ್ವ ಬರುತ್ತದೆ. ಆ ಹತ್ತು ದಿನ ಕಾಕಾ ರಜೆ ಹಾಕಿ ಮ್ಹೈಸಾಳದ ಬಸದಿಯಲ್ಲಿ ಇರುತ್ತಿದ್ದರು, ತತ್ತಿಯ ಹೆಸರೂ ಎತ್ತುತ್ತಿರಲಿಲ್ಲ. ಹೋಗುವ ಮುಂಚೆ ಫ್ರೀಜರ್ ಕೋಣೆಯ ಕೀಲಿಕೈ ನನಗೆ ಕೊಟ್ಟರು. ಆ ಫ್ರೀಜರ್ ಹಳೆಯದು, ಬಾಗಿಲಿನ ರಬ್ಬರು ಸವೆದಿತ್ತು. ಕಾಕಾ ತಮ್ಮ ಹಳೆಯ ಧೋತರದ ಒಂದು ಪಟ್ಟಿಯಿಂದ ಅದನ್ನು ಬಿಗಿದು ಕಟ್ಟುತ್ತಿದ್ದರು. "ಬಾಗಲಾ ಮುಟ್ಟಿ ನೋಡು, ಆಮ್ಯಾಲ ಕಟ್ಟು. ಲೈಟ ಹೋಗಿ ಒಂದು ತಾಸಾತಂದ್ರ ದಾರಿ ನೋಡಬ್ಯಾಡ, ಬರ್ಫ ತರಿಸಿ ತುಂಬು. ಅಷ್ಟ. ಬ್ಯಾರೆ ಏನೂ ಕೆಲಸಿಲ್ಲ."

ಬೇರೆ ಏನೂ ಕೆಲಸವಿರಲಿಲ್ಲ. ಅದನ್ನೇ ನಾನು ಮಾಡಲಿಲ್ಲ.

ಆ ವರ್ಷಗಳಲ್ಲಿ ಸಾಂಗಲಿ–ಮಿರಜ ರಸ್ತೆಯ ಎರಡೂ ಬದಿಗೆ ಹೊಲ ಹೋಗಿ ಕಾಂಪ್ಲೆಕ್ಸು ಏಳುತ್ತಿದ್ದವು. ಅಂಥ ಒಂದರಲ್ಲಿ ಹೊಸ ಖಾಸಗಿ ಲ್ಯಾಬು ತೆರೆಯುತ್ತಿತ್ತು. ಗಾಜಿನ ಬಾಗಿಲು, ಏಸಿ, ಗುಂಡಿ ಒತ್ತಿದರೆ ರಿಪೋರ್ಟು ಬರುವ ಮಶೀನು. ಪರ್ವದ ಆರನೆಯ ದಿನ ಅಲ್ಲಿಂದ ನನಗೆ ಸಂದರ್ಶನಕ್ಕೆ ಕರೆ ಬಂತು. ಬೆಳಗ್ಗೆ ಫ್ರೀಜರ್ ತೆಗೆದು ಏನೋ ಇಟ್ಟೆ, ಬಾಗಿಲು ದೂಡಿದೆ. ಕೈಯಲ್ಲಿ ಸೀರೆಯ ನಿರಿಗೆ, ಕಣ್ಣು ಗಡಿಯಾರದ ಮೇಲೆ. ಪಟ್ಟಿ ಕಟ್ಟಲಿಲ್ಲ. ಒಂದು ಗಂಟೆಗೆಲ್ಲ ಬರುತ್ತೇನೆಂದು ಕೋಣೆಗೆ ಕೀಲಿ ಹಾಕಿ ಕೀಲಿಕೈಯನ್ನು ಪರ್ಸಿಗೆ ಹಾಕಿಕೊಂಡು ಹೊರಟೆ. ಅಲ್ಲಿ ಮಾಲೀಕರು ಬಂದದ್ದೇ ಮೂರಕ್ಕೆ. ನಾನು ತಂಪು ಕೋಣೆಯಲ್ಲಿ ಪತ್ರಿಕೆ ತಿರುವುತ್ತ ಕೂತಿದ್ದಾಗ ಮಿರಜದಲ್ಲಿ ಲೈಟು ಹೋಗಿ ಆರು ತಾಸು ಬರಲಿಲ್ಲ.

ಸಂಜೆ ಬಂದು ಬಾಗಿಲು ತೆಗೆದಾಗ ನೆಲದ ಮೇಲೆ ನೀರು ನಿಂತಿತ್ತು. ಫ್ರೀಜರಿನ ಬಾಗಿಲು ನಾಲ್ಕು ಬೆರಳು ತೆರೆದಿತ್ತು. ಸೀಸೆಗಳು ಬೆಚ್ಚಗಾಗಿದ್ದವು. ಆ ಹೊತ್ತಿಗೆ ಸರಿಯಾಗಿ ಲೈಟು ಬಂತು. ನಾನು ನೆಲ ಒರೆಸಿದೆ, ಸೀಸೆಗಳನ್ನು ಸಾಲಾಗಿ ನಿಲ್ಲಿಸಿದೆ, ಪಟ್ಟಿ ಬಿಗಿದು ಕಟ್ಟಿದೆ. ಬೆಳಗಾಗುವುದರೊಳಗೆ ಎಲ್ಲ ಮತ್ತೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ. ಕರಗಿ ಕಾದು ಮತ್ತೆ ಹೆಪ್ಪುಗಟ್ಟಿದ ವೈರಸ್ಸು ಇನ್ನು ಯಾವ ತತ್ತಿಯಲ್ಲೂ ಬೆಳೆಯುವುದಿಲ್ಲ ಎಂಬುದು ನನಗೆ ತಿಳಿದಿತ್ತು.

ಪರ್ವ ಮುಗಿದ ಮೇಲೆ ಜೈನರಿಗೆ ಕ್ಷಮಾವಾಣಿ. ವರ್ಷದಲ್ಲಿ ಆದ ತಪ್ಪಿಗೆ ಕಂಡವರಲ್ಲೆಲ್ಲ ಕ್ಷಮೆ ಕೇಳುವ ದಿನ. ಕಾಕಾ ಲ್ಯಾಬಿಗೆ ಬಂದವರೇ ಮುಖ್ಯಸ್ಥರಿಂದ ಹಿಡಿದು ಕಸ ಗುಡಿಸುವ ಹೆಂಗಸಿನವರೆಗೆ ಒಬ್ಬೊಬ್ಬರೆದುರು ಕೈ ಜೋಡಿಸುತ್ತ ಬಂದರು. ನನ್ನ ಮುಂದೆ ನಿಂತು, "ತಿಳಿದೋ ತಿಳೀದನೋ ನಿನ್ನ ಮನಸ್ಸಿಗೆ ನೋವ ಮಾಡಿದ್ರ ಕ್ಷಮಾ ಮಾಡವ್ವಾ" ಎಂದರು. ನಾನೂ ಕೈ ಜೋಡಿಸಿ, "ನಂದೇನರ ತಪ್ಪಾಗಿದ್ರ ನೀವೂ ಕ್ಷಮಾ ಮಾಡ್ರಿ ಕಾಕಾ" ಎಂದೆ. "ಮಾಡೇನಿ" ಎಂದು ಅವರು ನಕ್ಕರು. ಮುಂದಿನ ಮಾತು ನನ್ನ ಬಾಯಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಅವರು ಪಕ್ಕದ ಮೇಜಿಗೆ ಹೋದರು. ನಾನು ಬಿಟ್ಟುಬಿಟ್ಟೆ. ಅದಕ್ಕಿಂತ ಸಲೀಸಾದ ಗಳಿಗೆ ನನಗೆ ಜನ್ಮದಲ್ಲಿ ಸಿಗುವಂತಿರಲಿಲ್ಲ.

ಪ್ರತಿ ಸೀಸೆಯಲ್ಲೂ ಅರ್ಧ ಪುಣೆಗೆ ಹೋಯಿತು, ಅರ್ಧ ನಮ್ಮಲ್ಲಿ ಉಳಿಯಿತು. ತಿಂಗಳ ಮೇಲೆ ಪತ್ರ ಬಂತು. ಏಳರಲ್ಲಿ ಒಂದೂ ಬೆಳೆಯಲಿಲ್ಲ. ಮುಖ್ಯಸ್ಥರು ಪತ್ರವನ್ನು ಕಾಕಾನ ಕೈಗೆ ಕೊಟ್ಟು, ಬೈಯದೆ, "ವಯಸ್ಸಾಯಿತು ಆದಗೊಂಡಾ, ಕಣ್ಣು ಮೋಸ ಮಾಡುತ್ತದೆ" ಎಂದರು. ಬೈದಿದ್ದರೆ ಮೇಲಿತ್ತು.

ಪತ್ರ ಬಂದ ಮೂರನೆಯ ದಿನ ಕಾಕಾ, "ಇನ್ನೊಮ್ಮೆ ಹಾಕಿ ನೋಡ್ತೇನಿ" ಎಂದು ಹನ್ನೆರಡು ತತ್ತಿ ತೆಗೆದುಕೊಂಡರು. ಕತ್ತಲೆ ಕೋಣೆಯಲ್ಲಿ ಒಂದೊಂದನ್ನೂ ದೀಪಕ್ಕೆ ಹಿಡಿದರು. ಎಲ್ಲಕ್ಕೂ ಜೀವ ಇತ್ತು. ನಮ್ಮಲ್ಲಿ ಉಳಿದಿದ್ದ ಆ ಸೀಸೆಗಳ ನೀರನ್ನೇ ಸೂಜಿಗೆ ಎಳೆದು ಹಾಕಿದರು. ನಾನು ಬಾಜೂಕೇ ನಿಂತು ಪೆನ್ಸಿಲ್ ಕೊಡುತ್ತಿದ್ದೆ. ಏನೂ ಬರುವುದಿಲ್ಲವೆಂದು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಮೂರನೆಯ ದಿನ ಅವರು ಹನ್ನೆರಡು ಸಲ ಣಮೋಕಾರ ಹೇಳಿ ತತ್ತಿಗಳನ್ನು ತಂಪಿಗಿಟ್ಟರು. ರಕ್ತ ಹನ್ನೆರಡರಲ್ಲೂ ಗುಂಡಿಯಾಗಿ ಕೂತಿತು. ಕಾಕಾ ನೋಟುಬುಕ್ಕು ತೆಗೆದು ಮ್ಹೈಸಾಳದ ಏಳು ಹೆಸರುಗಳ ಎದುರಿಗೆ ಉದ್ದಕ್ಕೆ ಏನೋ ಒಂದು ಸಾಲು ಬರೆದರು. ಆಮೇಲೆ ಅವರು ತತ್ತಿ ಮುಟ್ಟಲಿಲ್ಲ. ದೀಪಾವಳಿಗೆ ನಾನು ಗಾಜಿನ ಬಾಗಿಲಿನ ಲ್ಯಾಬಿಗೆ ಹೋದೆ.

ಹತ್ತು ವರ್ಷಕ್ಕೂ ಮಿಕ್ಕು ಕಳೆಯಿತು. ಹೊಸ ಫ್ಲೂ ಬಂತೆಂದು ಊರೆಲ್ಲ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ವರ್ಷ, ಪುಣೆಯ ಬಸ್ಸು ಕಂಡರೆ ಜನ ದೂರ ಸರಿಯುತ್ತಿದ್ದರು. ಅದೂ ಮಳೆಗಾಲವೇ. ನಮ್ಮ ದೇಶದಲ್ಲಿ ಫ್ಲೂ ಮಳೆಯಲ್ಲೂ ಬರುತ್ತದೆ ಎಂದು ಈಗ ದೊಡ್ಡವರೆಲ್ಲ ಹೇಳತೊಡಗಿದ್ದರು. ಅಷ್ಟರಲ್ಲಿ ಸತ್ತ ವೈರಸ್ಸನ್ನೂ ಓದಬಲ್ಲ ಮಶೀನುಗಳು ಬಂದಿದ್ದವು. ಅದರ ತರಬೇತಿಗೆ ನನ್ನನ್ನು ಕಳಿಸಿದಾಗ ಕಲಿಸುವವರು, ಹಳೆಯ, ಕೆಟ್ಟುಹೋದ ಸೀಸೆಯಿಂದಲೂ ವೈರಸ್ಸಿನ ಕುಲಗೋತ್ರ ತಿಳಿಯಬಹುದು ಎಂದರು. ಉಳಿದ ಅರ್ಧ ಸೀಸೆಗಳು ಎಲ್ಲಿರಬಹುದು?

ಆ ವರ್ಷದ ಕ್ಷಮಾವಾಣಿಯ ದಿನವೇ ಮ್ಹೈಸಾಳಕ್ಕೆ ಹೋದೆ. ಕಾಕಾ ಪಡಸಾಲೆಯಲ್ಲಿ ಕೂತಿದ್ದರು, ತೀರ ಸಣ್ಣಗಾಗಿದ್ದರು. ಗುರುತು ಹಿಡಿದು, "ಬಾ ಶೈಲಾ, ಕುಂದ್ರು" ಎಂದರು. ಕೂರುವ ಮುಂಚೆಯೇ ಕೈ ಜೋಡಿಸಿ ಅದೇ ಮಾತು ಹೇಳಿದರು, ತಿಳಿದೋ ತಿಳೀದನೋ. ಈ ಸಲ ನಾನು ಬಾಯಿಗೆ ಬಂದ ಮಾತನ್ನು ತಡೆಯಲಿಲ್ಲ.

"ಕಾಕಾ, ಆ ವರ್ಷ ತಪ್ಪಿದ್ದು ನಿಮ್ಮ ಕೈ ಅಲ್ಲರಿ. ನಾ ಫ್ರೀಜರದ ಬಾಗಲಾ ಕಟ್ಟಿದ್ದಿಲ್ಲ. ಕೀಲಿ ಹಾಕ್ಕೊಂಡು ಬ್ಯಾರೆ ನೌಕರಿ ಕೇಳಾಕ ಹೋಗಿದ್ದೆ. ಆರು ತಾಸು ಲೈಟ ಇದ್ದಿಲ್ಲ. ಎಲ್ಲಾ ಕರಗಿತ್ತು."

"ಎಲ್ಲಾ?"

"ಎಲ್ಲಾ."

ಕಾಕಾ ಸಿಟ್ಟಿನಿಂದಲ್ಲ, ಒಂದು ಥರದ ಬೆರಗಿನಿಂದ, "ಅಂದ್ರ ಅದು ಇತ್ತು" ಎಂದರು. ಒಂದು ಗಳಿಗೆ ಅವರ ಮುಖ ಆ ದಿನ ಕನ್ನಡಕ ಒರೆಸಿಕೊಂಡಾಗಿನ ಮುಖವಾಯಿತು. ನಾನು ಆಸೆಯಿಂದ, "ಉಳದ ಅರ್ಧ ಸೀಸೆ ಎಲ್ಲಿ ಅದಾವ್ರಿ? ಈಗ ಅವನ್ನ ಓದಾಕ ಬರ್ತೈತಿ" ಎಂದು ಕೇಳಿದೆ.

"ರಿಟೈರ್ ಆಗೂ ಮುಂದ ನಾನ ಕುದಿಸಿ ಚೆಲ್ಲಿದೆ. ಏನೂ ಇಲ್ಲದ ಸೀಸೆ ಜಾಗಾ ಯಾಕ ತಿನ್ನಬೇಕಂತ."

ಒಳಗಿನಿಂದ ನೋಟುಬುಕ್ಕು ತರಿಸಿ ತಾವೇ ಆ ಪುಟ ತೆಗೆದರು. ಏಳು ಮಕ್ಕಳ ಹೆಸರು, ಜ್ವರ ಬಂದ ದಿನ, ಎದುರಿಗೆ ಅವರ ಗುಂಡನೆಯ ಅಕ್ಷರದಲ್ಲಿ ಅಂದಿನ ಸಾಲು: "ಇಲ್ಲದ್ದನ್ನು ಕಂಡೆನು, ನನ್ನ ಕಣ್ಣಿನ ತಪ್ಪು." ನಾನು ಹೇಳಿದ್ದರೆ ಆ ಸಾಲೂ ಇರುತ್ತಿರಲಿಲ್ಲ, ಸೀಸೆಗಳೂ ಉಳಿಯುತ್ತಿದ್ದವು. ಬಾಗಿಲು ಕಟ್ಟದ್ದು ಒಂದು ದಿನದ ತಪ್ಪು. ಮ್ಹೈಸಾಳದ ಹೆಸರನ್ನು ನಿಜವಾಗಿ ಅಳಿಸಿದ್ದು ನಾನು ಬಾಯಿ ಮುಚ್ಚಿಕೊಂಡದ್ದು. "ನನ್ನ ಕ್ಷಮಾ ಮಾಡ್ರಿ ಕಾಕಾ" ಎಂದೆ.

"ನನ್ನ ಕಡಿಂದ ಮಾಡೇನವ್ವಾ. ನನ್ನದೇನೈತಿ" ಎಂದರು. ನೋಟುಬುಕ್ಕು ಮುಚ್ಚಿದರು. "ಆದ್ರ ಆ ಕಡೀ ಹನ್ನೆರಡು ತತ್ತಿ. ನೀ ಬಾಜೂಕ ನಿಂತಿದ್ದಿ. ಆಗರ ಹೇಳಬೇಕಾಗಿತ್ತು. ಅವುಗಳ ಕಡಿಂದ ನಾ ಹೆಂಗ ಕ್ಷಮಾ ಮಾಡ್ಲಿ?"

ಕಾಕಾ ಸೊಸೆಯನ್ನು ಕರೆದು, "ಹೊತ್ತು ಮುಳುಗೋದ್ರೊಳಗ ಈಕೀಗೆ ಊಟಕ್ಕ ಹಾಕವ್ವಾ, ದೂರ ಹೋಗಾಕಿ" ಎಂದರು. ನಾನು ತಲೆ ತಗ್ಗಿಸಿ ಉಂಡೆ. ನಾನು ಬೇಡವೆಂದರೂ ಕೋಲು ಹಿಡಿದುಕೊಂಡು ಸ್ಟ್ಯಾಂಡಿನವರೆಗೆ ಬಂದರು. ಮುಂದಿನ ಪರ್ವಕ್ಕೆ ಅವರು ಇರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತು. ಹಿಂದಿನ ಸೀಟಿನಲ್ಲಿದ್ದ ಯುವಕನೊಬ್ಬ ಕೆಮ್ಮಿದ. ಕೆಳಗೆ ನಿಂತಿದ್ದ ಕಾಕಾನ ಅಂಗೈ ಕಿವಿಯ ಹಿಂದಕ್ಕೆ ಹೋಯಿತು.

"ಎಷ್ಟು ದಿನ ಆತು?"

"ಎರಡು ದಿನ ಆತ್ರಿ, ಅಜ್ಜಾರ."

ಕಾಕಾ ನನ್ನ ಕಡೆ ನೋಡಿದರು. ಹತ್ತಿಕಡ್ಡಿ ತೆಗೆ ಎಂದು ಹೇಳುವ ಹಳೆಯ ನೋಟ. ನಾನು ಪರ್ಸಿಗೆ ಕೈ ಹಾಕಿದೆ. ಅದರಲ್ಲಿ ನಮ್ಮ ಲ್ಯಾಬಿನ ಹೆಸರಿನ ಕಾರ್ಡುಗಳಷ್ಟೇ ಇದ್ದವು. ನಾವು ಈಗ ಕೆಮ್ಮನ್ನು ಹುಡುಕಿಕೊಂಡು ಹೋಗುವುದಿಲ್ಲ, ಅದೇ ಡಾಕ್ಟರ ಚೀಟಿ ಹಿಡಿದು ನಮ್ಮಲ್ಲಿಗೆ ಬರುತ್ತದೆ. ಬಸ್ಸು ಹೊರಟಿತು. ಕಾಕಾ ಕಿವಿಯ ಹಿಂದಿನ ಕೈ ತೆಗೆಯದೆ ಹಾಗೆಯೇ ನಿಂತಿದ್ದರು. ಹಿಂದಿನ ಸೀಟಿನ ಕೆಮ್ಮು ಮಿರಜದವರೆಗೂ ನನ್ನ ಜೊತೆಗೆ ಬಂತು, ಸ್ಟ್ಯಾಂಡಿನಲ್ಲಿ ಇಳಿದು ಜನರೊಳಗೆ ಹೋಯಿತು.